ಕಾಡುಜಿಂಕೆಯ ಪ್ರಿಯಾನ್ ರೋಗ: ಪರೀಕ್ಷೆ ಎಷ್ಟು ಸೂಕ್ಷ್ಮ, ಎಲ್ಲಿಯವರೆಗೆ?

ಉತ್ತರ ಅಮೆರಿಕದ ಜಿಂಕೆಗಳಲ್ಲಿ ಹರಡುತ್ತಿರುವ ‘ಕ್ರಾನಿಕ್ ವೇಸ್ಟಿಂಗ್ ಡಿಸೀಸ್’ ಎಂಬ ಮಾರಕ ಮಿದುಳಿನ ರೋಗದ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಪ್ರಕಟವಾದ ಕಿರು ಟಿಪ್ಪಣಿಯು, ಅದನ್ನು ಪತ್ತೆ ಮಾಡುವ ಪರೀಕ್ಷೆಗಳು ಈಗ ಬಹಳ ಸೂಕ್ಷ್ಮವಾಗಿವೆ ಎಂದಷ್ಟೇ ಹೇಳಿ ಮುಗಿದಿತ್ತು. ಆ ಸೂಕ್ಷ್ಮತೆ ಎಂಥದು, ಅದರಿಂದ ಪ್ರಯೋಜನವೇನು ಎಂದು ವಿಚಾರಿಸಿ ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿಕೊಂಡು ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ವೈರಸ್ ರೋಗವನ್ನು ಪಿಸಿಆರ್ ಮೂಲಕ ಕೆಲವೇ ಗಂಟೆಗಳಲ್ಲಿ ಗುರುತಿಸುವುದನ್ನು ಕೋವಿಡ್ ಕಾಲದಲ್ಲಿ ನಾವೆಲ್ಲ ಕಂಡಿದ್ದೇವೆ. ಜಿಂಕೆಯ ಈ ರೋಗ 1960ರ ದಶಕದಿಂದಲೂ ಗೊತ್ತಿದ್ದರೂ ಅಂಥದೊಂದು ಪರೀಕ್ಷೆ ಬರಲು ಇಷ್ಟು ಕಾಲ ಏಕೆ ಹಿಡಿಯಿತು?
– ಕಾಲೇಜು ಅಧ್ಯಾಪಕಿ, ಮೈಸೂರು

ಉತ್ತರ: ಪಿಸಿಆರ್ ಹುಡುಕುವುದು ರೋಗಾಣುವಿನ ಡಿಎನ್‌ಎ ಅಥವಾ ಆರ್‌ಎನ್‌ಎಯನ್ನು. ಈ ರೋಗಕ್ಕೆ ಕಾರಣವಾದ ಪ್ರಿಯಾನ್‌ನಲ್ಲಿ ಅವೆರಡೂ ಇಲ್ಲ. ಜೀನ್‌ಗಳೇ ಇಲ್ಲದ, ಬರಿಯ ಪ್ರೋಟೀನಿನಿಂದಾದ ವಸ್ತುವೊಂದು ಸೋಂಕು ಹರಡಬಲ್ಲದು ಎಂದು ಸ್ಟ್ಯಾನ್ಲಿ ಪ್ರುಸಿನರ್ 1982ರಲ್ಲಿ ಹೇಳಿ ಅದಕ್ಕೆ ‘ಪ್ರಿಯಾನ್’ ಎಂದು ಹೆಸರಿಟ್ಟಾಗ ಒಪ್ಪಿದವರಿಗಿಂತ ಅನುಮಾನಿಸಿದವರೇ ಹೆಚ್ಚು. ಅವರಿಗೆ ನೊಬೆಲ್ ಪ್ರಶಸ್ತಿ ಬರುವುದಕ್ಕೆ 1997ರವರೆಗೆ ಕಾಯಬೇಕಾಯಿತು. ನರಕೋಶಗಳ ಮೇಲ್ಮೈಯಲ್ಲಿ ಸಹಜವಾಗಿಯೇ ಇರುವ ಒಂದು ಪ್ರೋಟೀನು ತನ್ನ ಮಡಿಕೆಯನ್ನು ಬದಲಿಸಿಕೊಂಡು, ನೆರೆಯ ಅದೇ ಜಾತಿಯ ಅಣುಗಳನ್ನೂ ಆ ತಪ್ಪು ಮಡಿಕೆಗೆ ಎಳೆದುಕೊಳ್ಳುತ್ತ ಹೋಗುವುದೇ ಈ ರೋಗ. ಆರೋಗ್ಯವಂತ ಪ್ರೋಟೀನಿಗೂ ರೋಗದ ಪ್ರೋಟೀನಿಗೂ ಅಮೈನೋ ಆಮ್ಲಗಳ ಸರಣಿ ಒಂದೇ, ಬೇರೆಯಾಗಿರುವುದು ಆಕಾರ ಮಾತ್ರ. ಹೀಗಾಗಿ ಜಿಂಕೆಯ ರೋಗನಿರೋಧಕ ವ್ಯವಸ್ಥೆ ಅದನ್ನು ಪರಕೀಯವೆಂದು ಗುರುತಿಸುವುದಿಲ್ಲ, ಪ್ರತಿಕಾಯಗಳೂ ಹುಟ್ಟುವುದಿಲ್ಲ. ಪಿಸಿಆರ್ ದಾರಿಯಷ್ಟೇ ಅಲ್ಲ, ರಕ್ತದಲ್ಲಿ ಪ್ರತಿಕಾಯ ನೋಡಿ ರೋಗ ಹೇಳುವ ಹಳೆಯ ದಾರಿಯೂ ಇಲ್ಲಿ ಮುಚ್ಚಿಹೋಗಿದೆ.

1967ರಲ್ಲಿ ಕೊಲೊರಾಡೊದ ಫೋರ್ಟ್ ಕಾಲಿನ್ಸ್‌ನಲ್ಲಿ ಸಂಶೋಧನೆಗೆಂದು ಸಾಕಿದ್ದ ಮ್ಯೂಲ್ ಜಿಂಕೆಗಳು ಸೊರಗಿ, ಜೊಲ್ಲು ಸುರಿಸಿ ಸಾಯತೊಡಗಿದಾಗ ಅದನ್ನು ಮೇವಿನ ಕೊರತೆಯೋ ಸೆರೆಯ ಬಾಧೆಯೋ ಎಂದು ಭಾವಿಸಲು ಅವಕಾಶವಿತ್ತು. ಸುಮಾರು ಹತ್ತು ವರ್ಷಗಳ ಮೇಲೆ, 1978ರಲ್ಲಿ, ಪಶುವೈದ್ಯ ವಿಜ್ಞಾನಿ ಎಲಿಜಬೆತ್ ವಿಲಿಯಮ್ಸ್ ಸತ್ತ ಜಿಂಕೆಗಳ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಕುರಿಗಳ ಸ್ಕ್ರೇಪಿ ರೋಗದಲ್ಲಿ ಕಾಣುವಂಥ ರಂಧ್ರಗಳನ್ನು ಗುರುತಿಸಿದರು. 1981ರಲ್ಲಿ ರಾಕಿ ಮೌಂಟನ್ ರಾಷ್ಟ್ರೀಯ ಉದ್ಯಾನದ ಎಲ್ಕ್ ಎಂಬ ದೊಡ್ಡ ಜಿಂಕೆಯೊಂದರಲ್ಲಿ, ಅಂದರೆ ಕಾಡಿನಲ್ಲೇ ಸ್ವತಂತ್ರವಾಗಿ ತಿರುಗುತ್ತಿದ್ದ ಪ್ರಾಣಿಯಲ್ಲಿ, ರೋಗ ಮೊದಲ ಬಾರಿಗೆ ಸಿಕ್ಕಿತು. ಆಗ ಇದ್ದ ಪರೀಕ್ಷೆ ಸತ್ತ ಪ್ರಾಣಿಯ ಮಿದುಳಿನಲ್ಲಿ ರಂಧ್ರ ಹುಡುಕುವುದಷ್ಟೇ; ರಂಧ್ರಗಳೋ ರೋಗದ ಕೊನೆಯ ಘಟ್ಟದಲ್ಲಿ ಕಾಣುವಂಥವು.

ಮುಂದೆ ಬಂದ ಎರಡು ವಿಧಾನಗಳು ಇಂದಿಗೂ ಸರ್ಕಾರಿ ಪ್ರಯೋಗಾಲಯಗಳ ಆಧಾರವಾಗಿವೆ. ಮೊದಲನೆಯದು ಅಂಗಾಂಶದ ತೆಳು ಪದರಕ್ಕೆ ಫಾರ್ಮಿಕ್ ಆಮ್ಲ ಮತ್ತು ಶಾಖದ ಉಪಚಾರ ಕೊಟ್ಟು, ಆ ಬಳಿಕವೂ ಉಳಿದ ಪ್ರಿಯಾನ್‌ಗೆ ಪ್ರಯೋಗಾಲಯದಲ್ಲಿ ತಯಾರಿಸಿದ ಪ್ರತಿಕಾಯ ಅಂಟಿಸಿ ಬಣ್ಣ ಬರಿಸುವ ಇಮ್ಯುನೊಹಿಸ್ಟೊಕೆಮಿಸ್ಟ್ರಿ. ಮಿದುಳಿನ ಕಾಂಡದಲ್ಲಿರುವ ‘ಓಬೆಕ್ಸ್’ ಎಂಬ ಸಣ್ಣ ಭಾಗ ಮತ್ತು ಗಂಟಲಿನ ಹಿಂಭಾಗದ ದುಗ್ಧಗ್ರಂಥಿಗಳು ಇದಕ್ಕೆ ಬೇಕಾದ ಮಾದರಿಗಳು. ಎರಡನೆಯದು, ಅರೆದ ಅಂಗಾಂಶದಲ್ಲಿ ಪ್ರಿಯಾನನ್ನು ಅಂಥದೇ ಪ್ರತಿಕಾಯದಿಂದ ಹಿಡಿಯುವ ಎಲೈಸಾ. ಇದು ಬೇಗ ಮುಗಿಯುತ್ತದೆ, ಒಮ್ಮೆಗೇ ನೂರಾರು ಮಾದರಿಗಳನ್ನು ನೋಡಬಹುದು, ಸಂಶಯ ಬಂದದ್ದನ್ನು ಮೊದಲ ವಿಧಾನದಿಂದ ದೃಢಪಡಿಸಿಕೊಳ್ಳಬಹುದು. ಇವು ಕೆಟ್ಟ ಪರೀಕ್ಷೆಗಳಲ್ಲ. ಆದರೆ ಎರಡೂ ಮಾದರಿಯಲ್ಲಿ ಈಗಾಗಲೇ ಎಷ್ಟಿದೆಯೋ ಅಷ್ಟನ್ನೇ ನೋಡುತ್ತವೆ; ಸೋಂಕು ತಗುಲಿದ ಮೊದಲ ತಿಂಗಳುಗಳಲ್ಲಿರುವ ಅತ್ಯಲ್ಪ ಪ್ರಮಾಣವು ಅವುಗಳ ಕಣ್ಣಿಗೆ ಬೀಳುವುದಿಲ್ಲ.

ಪ್ರಶ್ನೆ: ಆರ್‌ಟಿ-ಕ್ವಿಕ್ ಎಂಬ ಪರೀಕ್ಷೆಯ ಹೆಸರು ತರಗತಿಯಲ್ಲಿ ಬಂದಿತ್ತು. ಅದು ಕೆಲಸ ಮಾಡುವ ಬಗೆಯನ್ನೂ ಪಿಎಂಸಿಎಗೂ ಅದಕ್ಕೂ ಇರುವ ವ್ಯತ್ಯಾಸವನ್ನೂ ದಯವಿಟ್ಟು ವಿವರಿಸಿ, ಸರ್.
– ಪಶುವೈದ್ಯಕೀಯ ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ಎರಡರ ಹಿಂದಿನ ಆಲೋಚನೆಯೂ ಒಂದೇ, ಮತ್ತು ಈ ಕ್ಷೇತ್ರದಲ್ಲಿ ನಡೆದಿರುವ ಅತ್ಯಂತ ಜಾಣತನದ ಕೆಲಸ ಅದೇ ಎಂಬುದು ನನ್ನ ಅಭಿಪ್ರಾಯ. ಪ್ರಿಯಾನ್ ಅತ್ಯಲ್ಪ ಪ್ರಮಾಣದಲ್ಲಿದ್ದರೆ ಅದನ್ನೇ ಹುಡುಕುತ್ತ ಕೂರುವ ಬದಲು, ಅದು ದೇಹದೊಳಗೆ ಮಾಡುವ ಕೆಲಸವನ್ನು ಪ್ರಯೋಗಾಲಯದ ಕೊಳವೆಯಲ್ಲಿ ಮಾಡಲು ಬಿಟ್ಟು, ಆ ಕೆಲಸದ ಫಲವನ್ನು ಅಳೆಯುವುದು. ಒಂದು ಚಮಚ ಹೆಪ್ಪು ಪಾತ್ರೆ ತುಂಬ ಹಾಲನ್ನು ಮೊಸರಾಗಿಸುವಂತೆ, ಒಂದಿಷ್ಟೇ ಇಷ್ಟು ತಪ್ಪು ಮಡಿಕೆಯ ಪ್ರೋಟೀನು ಕೊಳವೆಯಲ್ಲಿರುವ ಸಹಜ ಪ್ರೋಟೀನನ್ನೆಲ್ಲ ತನ್ನ ಆಕಾರಕ್ಕೆ ತಿರುಗಿಸುತ್ತದೆ. ಇಲ್ಲಿ ಜೀವಾಣುಗಳ ಪಾತ್ರವಿಲ್ಲ, ಆಕಾರವೇ ಆಕಾರವನ್ನು ಹುಟ್ಟಿಸುತ್ತದೆ ಎಂಬುದನ್ನು ಮಾತ್ರ ನೆನಪಿಡಬೇಕು.

ಮೊದಲು ಬಂದದ್ದು ಪಿಎಂಸಿಎ. ಕ್ಲಾಡಿಯೊ ಸೊಟೊ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಈ ವಿಧಾನದಲ್ಲಿ, ಆರೋಗ್ಯವಂತ ಪ್ರಾಣಿಯ ಮಿದುಳನ್ನು ಅರೆದು ಪಡೆದ ದ್ರಾವಣವೇ ಸಹಜ ಪ್ರೋಟೀನಿನ ಮೂಲ. ಅದಕ್ಕೆ ಶಂಕಿತ ಮಾದರಿಯನ್ನು ಸೇರಿಸಿ, ಪ್ರಿಯಾನ್ ಎಳೆಗಳು ಬೆಳೆಯಲು ಸ್ವಲ್ಪ ಹೊತ್ತು ಬಿಟ್ಟು, ಬಳಿಕ ಶ್ರವಣಾತೀತ ಧ್ವನಿಯ ತರಂಗಗಳಿಂದ ಆ ಎಳೆಗಳನ್ನು ತುಂಡರಿಸುತ್ತಾರೆ. ಪ್ರತಿ ತುಂಡೂ ಹೊಸ ಎಳೆಗೆ ಮೊದಲಾಗುವುದರಿಂದ, ಬಿಡುವುದು ತುಂಡರಿಸುವುದು ಎಂಬ ಈ ಸರದಿ ಹೆಚ್ಚಿದಷ್ಟೂ ಪ್ರಿಯಾನ್ ಹೆಚ್ಚುತ್ತದೆ. ಕೊನೆಗೆ ಪ್ರೋಟಿಯೇಸ್ ಕೆ ಎಂಬ ಕಿಣ್ವದಿಂದ ಸಹಜ ಪ್ರೋಟೀನನ್ನು ಜೀರ್ಣಿಸಿ, ಉಳಿದದ್ದನ್ನು, ಪ್ರೋಟೀನುಗಳನ್ನು ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸಿ ಪ್ರತಿಕಾಯದಿಂದ ಗುರುತಿಸುವ ವೆಸ್ಟರ್ನ್ ಬ್ಲಾಟ್‌ನಲ್ಲಿ ನೋಡಬೇಕು. ವಿಧಾನ ಅಸಾಧಾರಣ ಸೂಕ್ಷ್ಮ. ಆದರೆ ಶ್ರಮ ಹೆಚ್ಚು, ಮಿದುಳಿನ ದ್ರಾವಣದ ಗುಣ ತಂಡದಿಂದ ತಂಡಕ್ಕೆ ಬದಲಾಗುತ್ತದೆ, ಕೊಳವೆಯಲ್ಲಿ ಕೊನೆಗೆ ಉಳಿಯುವುದೂ ಸೋಂಕು ಹರಡಬಲ್ಲ ಪ್ರಿಯಾನೇ. ದಿನನಿತ್ಯ ಸಾವಿರಾರು ಮಾದರಿ ನೋಡುವ ಪ್ರಯೋಗಾಲಯ ಇದನ್ನು ಸುಲಭಕ್ಕೆ ಒಪ್ಪಿಕೊಳ್ಳುವುದಿಲ್ಲ.

ಮೊಂಟಾನಾ ರಾಜ್ಯದ ಹ್ಯಾಮಿಲ್ಟನ್‌ನಲ್ಲಿರುವ ರಾಕಿ ಮೌಂಟನ್ ಲ್ಯಾಬೊರೇಟರೀಸ್‌ನ ಬೈರನ್ ಕಾಹಿ ಮತ್ತು ಜಪಾನಿನ ರ್ಯೂಯಿಚಿರೊ ಅಟರಾಶಿ ಮೊದಲಾದವರು ರೂಪಿಸಿದ ಆರ್‌ಟಿ-ಕ್ವಿಕ್ ಈ ತೊಡಕುಗಳನ್ನು ಒಂದೊಂದಾಗಿ ಬಿಡಿಸಿತು. ಮಿದುಳಿನ ಬದಲು ಬ್ಯಾಕ್ಟೀರಿಯಾದಲ್ಲಿ ತಯಾರಿಸಿದ ಶುದ್ಧ ಪ್ರೋಟೀನ್ ಬಂದಿತು. ಜಿಂಕೆಯ ರೋಗಕ್ಕೂ ಹಲವು ಪ್ರಯೋಗಾಲಯಗಳು ಹ್ಯಾಮ್‌ಸ್ಟರ್‌ನ ಪ್ರೋಟೀನನ್ನೇ ಬಳಸುತ್ತವೆ. ಧ್ವನಿ ತರಂಗದ ಬದಲು ತಟ್ಟೆಯನ್ನು ಒಂದು ನಿಮಿಷ ಜೋರಾಗಿ ಅಲುಗಿಸಿ ಒಂದು ನಿಮಿಷ ಸುಮ್ಮನೆ ಬಿಡುವ ಕ್ರಮ ಬಂದಿತು. 96 ಕುಳಿಗಳ ತಟ್ಟೆ, 42 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚಿನ ತಾಪ, ಪ್ರತಿ ಕುಳಿಯಲ್ಲೂ ಥಯೊಫ್ಲಾವಿನ್ ಟಿ ಎಂಬ ಬಣ್ಣ. ತಪ್ಪು ಮಡಿಕೆಯ ಎಳೆಗಳಿಗೆ ಅಂಟಿದಾಗ ಮಾತ್ರ ಈ ಬಣ್ಣ ಪ್ರಖರವಾಗಿ ಹೊಳೆಯುತ್ತದೆ, ಆ ಹೊಳಪನ್ನು ಯಂತ್ರವೇ ನಿಗದಿತ ಅವಧಿಗೊಮ್ಮೆ ಅಳೆದು ರೇಖೆ ಬರೆಯುತ್ತ ಹೋಗುತ್ತದೆ. ಕಿಣ್ವವೂ ಬೇಡ, ಬ್ಲಾಟ್ ಕೂಡ ಬೇಡ. ಪ್ರಿಯಾನ್ ಹೆಚ್ಚಿದ್ದ ಮಾದರಿಯ ರೇಖೆ ಬೇಗ ಮೇಲೇಳುತ್ತದೆ, ಕಡಿಮೆ ಇದ್ದದ್ದು ತಡವಾಗಿ ಏಳುತ್ತದೆ. ಆದ್ದರಿಂದ ಇದೆಯೇ ಇಲ್ಲವೇ ಎಂಬುದಲ್ಲದೆ ಸುಮಾರು ಎಷ್ಟಿದೆ ಎಂಬ ಅಂದಾಜೂ ಸಿಗುತ್ತದೆ. ಮಿದುಳು ಮತ್ತು ದುಗ್ಧಗ್ರಂಥಿಗಳ ಮಾದರಿಗೆ ಒಂದೆರಡು ದಿನಗಳಲ್ಲಿ ಉತ್ತರ ದೊರೆಯುತ್ತದೆ. ಇದಕ್ಕೆ ಹೋಲಿಸಿದರೆ, ಜಿಂಕೆಯ ಜೀನ್ ಸೇರಿಸಿದ ಇಲಿಗಳ ಮಿದುಳಿಗೆ ಮಾದರಿಯನ್ನು ಚುಚ್ಚಿ ಅವು ಕಾಯಿಲೆ ಬೀಳುವುದನ್ನು ಕಾಯುವ ಹಳೆಯ ವಿಧಾನಕ್ಕೆ ಹಲವು ತಿಂಗಳುಗಳೇ ಬೇಕು.

ಇದೇ ಪರೀಕ್ಷೆ ಮನುಷ್ಯರಿಗೂ ಬಂದಿದೆ. ಕ್ರಾಯ್ಟ್ಸ್‌ಫೆಲ್ಟ್-ಯಾಕೋಬ್ ಎಂಬ, ಮನುಷ್ಯರ ಪ್ರಿಯಾನ್ ರೋಗವಿರುವವರ ಬೆನ್ನುಹುರಿಯ ದ್ರವದಲ್ಲಿ ಇದು 80ಕ್ಕೂ ಹೆಚ್ಚು ಪ್ರತಿಶತ ರೋಗಿಗಳನ್ನು, ರೋಗವಿಲ್ಲದವರನ್ನು ಸೇರಿಸಿಕೊಳ್ಳದೆ ಗುರುತಿಸಿತು ಎಂಬ 2011ರ ವರದಿಯ ನಂತರವೇ ಅದರ ಮೇಲಿನ ನಂಬಿಕೆ ಬಲವಾಯಿತು ಎನ್ನಬಹುದು. ಜಿಂಕೆಗಳ ವಿಷಯದಲ್ಲಿ ಕೊಲೊರಾಡೊ ಸ್ಟೇಟ್ ವಿಶ್ವವಿದ್ಯಾಲಯ ಮತ್ತು ಮಿನೆಸೋಟ ವಿಶ್ವವಿದ್ಯಾಲಯದ ತಂಡಗಳು ಹೆಚ್ಚು ಕೆಲಸ ಮಾಡಿವೆ. ಮಿನೆಸೋಟದವರು ದುಬಾರಿ ಹೊಳಪುಮಾಪಕವನ್ನೂ ಬಿಟ್ಟು, ಚಿನ್ನದ ನ್ಯಾನೊ ಕಣಗಳನ್ನು ಸೇರಿಸಿ, ಬಣ್ಣ ಬದಲಾಗುವುದನ್ನು ಬರಿಗಣ್ಣಿನಿಂದಲೇ ನೋಡಿ ಫಲಿತಾಂಶ ಹೇಳುವ ರೂಪವೊಂದನ್ನು ಕಾಡಿನಂಚಿನ ತಾತ್ಕಾಲಿಕ ಪ್ರಯೋಗಾಲಯದಲ್ಲಿ ಬಳಸಿ ತೋರಿಸಿದ್ದಾರೆ.

ಪ್ರಶ್ನೆ: ಪರೀಕ್ಷೆ ಇಷ್ಟೊಂದು ಸೂಕ್ಷ್ಮವಾಗಿದ್ದರೆ ಜಿಂಕೆಯನ್ನು ಕೊಲ್ಲುವುದೇಕೆ? ಕಾಡಿನಲ್ಲಿ ಬಿದ್ದ ಹಿಕ್ಕೆಯನ್ನೋ ಜೊಲ್ಲನ್ನೋ ಪರೀಕ್ಷಿಸಿ ರೋಗಪೀಡಿತ ಹಿಂಡುಗಳನ್ನು ಗುರುತಿಸಬಹುದಲ್ಲವೇ?
– ನಿವೃತ್ತ ಉದ್ಯೋಗಿ, ಧಾರವಾಡ

ಉತ್ತರ: ತತ್ತ್ವದ ಮಟ್ಟದಲ್ಲಿ ನಿಮ್ಮ ಮಾತು ಸರಿ. ಜೊಲ್ಲು ಮತ್ತು ರಕ್ತದ ಮೂಲಕ ಜಿಂಕೆಗಳಿಗೆ ರೋಗ ಹರಡಬಲ್ಲದು ಎಂದು ಕ್ಯಾಂಡೇಸ್ ಮಥಾಯಸನ್, ಎಡ್ವರ್ಡ್ ಹೂವರ್ ಮತ್ತು ಸಂಗಡಿಗರು 2006ರಲ್ಲಿಯೇ ತೋರಿಸಿದ್ದರು. ರೋಗಲಕ್ಷಣವೇ ಇಲ್ಲದ ಜಿಂಕೆಗಳ ಹಿಕ್ಕೆಯಲ್ಲೂ ಸೋಂಕಿನ ಪ್ರಿಯಾನ್ ಇರುತ್ತದೆ ಎಂಬುದು 2009ರಲ್ಲಿ ಪ್ರಕಟವಾಯಿತು. ಸೋಂಕು ತಗುಲಿದ ಮೇಲೆ ಲಕ್ಷಣ ಕಾಣಲು ಸಾಮಾನ್ಯವಾಗಿ ಒಂದೂವರೆಯಿಂದ ಎರಡು ವರ್ಷ ಬೇಕಾಗುವುದರಿಂದ, ಆ ಅವಧಿಯಲ್ಲೆಲ್ಲ ನೋಡಲು ಗಟ್ಟಿಮುಟ್ಟಾಗಿರುವ ಜಿಂಕೆ ಕಾಡಿನಲ್ಲಿ ರೋಗ ಬಿತ್ತುತ್ತಿರುತ್ತದೆ.

ತೊಂದರೆ ಇರುವುದು ಹಿಕ್ಕೆಯ ಉಳಿದ ಅಂಶಗಳಲ್ಲಿ. ಪಿತ್ತದ ಘಟಕಗಳು, ಕೊಬ್ಬು, ಸಸ್ಯದ ನಾರಿನಿಂದ ಬಂದ ರಾಸಾಯನಿಕಗಳು ಕೊಳವೆಯೊಳಗಿನ ಕ್ರಿಯೆಯನ್ನು ತಡೆಯುತ್ತವೆ, ರಕ್ತದಲ್ಲೂ ಇಂಥ ತಡೆಗಳಿವೆ. ಮಾದರಿಯನ್ನು ನೀರಿನಿಂದ ತೆಳುಗೊಳಿಸಿದರೆ ತಡೆಯೂ ಕಡಿಮೆಯಾಗುತ್ತದೆ, ಪ್ರಿಯಾನೂ ಕಡಿಮೆಯಾಗುತ್ತದೆ. ಅದಕ್ಕಾಗಿ ಫಾಸ್ಫೊಟಂಗ್‌ಸ್ಟಿಕ್ ಆಮ್ಲದ ಲವಣದಿಂದ ಪ್ರಿಯಾನನ್ನು ಗರಣೆಗಟ್ಟಿಸಿಯೋ, ಕಬ್ಬಿಣದ ಆಕ್ಸೈಡಿನ ಕಾಂತೀಯ ಮಣಿಗಳಿಗೆ ಅಂಟಿಸಿಯೋ ಮೊದಲು ಬೇರ್ಪಡಿಸಿ, ಆ ನಂತರ ಪರೀಕ್ಷೆಗೆ ಒಡ್ಡುತ್ತಾರೆ. ಈ ಪೂರ್ವಸಿದ್ಧತೆಯೇ ಇವತ್ತಿನ ಸಂಶೋಧನೆಯ ಬಹುಪಾಲು. ಬೈರನ್ ಕಾಹಿಯವರ ಯಂತ್ರವಲ್ಲ, ಹಿಕ್ಕೆಯನ್ನು ತೊಳೆಯುವ ಹಾದಿಯೇ ಇಲ್ಲಿ ಗೆಲ್ಲಬೇಕಾಗಿರುವುದು.

ಜೀವಂತ ಜಿಂಕೆಯಿಂದ ಅಂಗಾಂಶ ತೆಗೆಯುವ ಪ್ರಯತ್ನಗಳೂ ನಡೆದಿವೆ. ಅರಿವಳಿಕೆ ಕೊಟ್ಟು ಗುದದ್ವಾರದ ಒಳಪೊರೆಯಿಂದ ಚೂರನ್ನು ತೆಗೆದು ಅದರ ದುಗ್ಧಕೋಶಗಳನ್ನು ನೋಡುವ ವಿಧಾನ ಈಗಾಗಲೇ ಬಳಕೆಯಲ್ಲಿದೆ, ಹೊರಕಿವಿಯ ಚೂರಿನಲ್ಲೂ ಆರ್‌ಟಿ-ಕ್ವಿಕ್ ಪ್ರಿಯಾನನ್ನು ಗುರುತಿಸಿದೆ. ಆದರೆ ಒಂದೊಂದು ಜಿಂಕೆಯ ಪ್ರಿಯಾನ್ ಜೀನ್ ಒಂದೊಂದು ಬಗೆಯದು. ಬಿಳಿಬಾಲದ ಜಿಂಕೆಯ ಆ ಪ್ರೋಟೀನಿನ 96ನೇ ಸ್ಥಾನದಲ್ಲಿ ಗ್ಲೈಸೀನ್ ಬದಲು ಸೆರೀನ್ ಇದ್ದರೆ ರೋಗ ನಿಧಾನವಾಗಿ ಮುಂದುವರಿಯುತ್ತದೆ, ದುಗ್ಧಕೋಶಗಳಲ್ಲಿ ಪ್ರಿಯಾನ್ ತಡವಾಗಿ ಸೇರುತ್ತದೆ. ಅಂಥ ಜಿಂಕೆಯ ಗುದದ ಚೂರು ‘ಇಲ್ಲ’ ಎಂದರೂ ಅದನ್ನು ಹೆಚ್ಚು ನಂಬುವಂತಿಲ್ಲ. ಎಲ್ಕ್‌ನಲ್ಲಿ ದುಗ್ಧಗ್ರಂಥಿ ಶುದ್ಧವಾಗಿದ್ದು ಮಿದುಳಿನಲ್ಲಿ ಮಾತ್ರ ರೋಗ ಸಿಕ್ಕಿರುವ ಪ್ರಕರಣಗಳಿವೆ.

ನಾರ್ವೆಯ ಅನುಭವ ಇದನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ. 2016ರ ವಸಂತದಲ್ಲಿ ನೂರ್ಡ್‌ಫ್ಯೆಲ್ಲಾ ಪ್ರದೇಶದ ಒಂದು ಕಾಡು ಹಿಮಸಾರಂಗದಲ್ಲಿ ರೋಗ ಸಿಕ್ಕಿದ್ದು ಯುರೋಪಿಗೆ ಮೊದಲನೆಯದು. ಆ ಹಿಂಡಿನ 2000ಕ್ಕೂ ಹೆಚ್ಚು ಪ್ರಾಣಿಗಳನ್ನು ಮುಂದಿನ ಎರಡು ವರ್ಷಗಳಲ್ಲಿ ಕೊಂದು ಪರೀಕ್ಷಿಸಲಾಯಿತು. ಆದರೂ 2020ರಲ್ಲಿ ಹಾರ್ಡಾಂಗರ್‌ವಿಡ್ಡಾ ಪ್ರಸ್ಥಭೂಮಿಯ ಹಿಮಸಾರಂಗದಲ್ಲಿ ರೋಗ ಮತ್ತೆ ಕಾಣಿಸಿತು. ಅದೇ ದೇಶದ ಮೂಸ್ ಎಂಬ ಭಾರಿ ಜಿಂಕೆಗಳ ಪೈಕಿ ವಯಸ್ಸಾದವುಗಳಲ್ಲಿ ದೊರೆತದ್ದು ಇನ್ನೊಂದು ತಳಿಯ ರೋಗ: ಪ್ರಿಯಾನ್ ಮಿದುಳಿನಲ್ಲಿದೆ, ದುಗ್ಧಗ್ರಂಥಿಗಳಲ್ಲಿ ಇಲ್ಲ. ದುಗ್ಧಗ್ರಂಥಿಯನ್ನಷ್ಟೇ ನೋಡುವ ಪ್ರಯೋಗಾಲಯದ ಕೈಯಲ್ಲಿ ಜಗತ್ತಿನ ಅತ್ಯಂತ ಸೂಕ್ಷ್ಮ ಪರೀಕ್ಷೆ ಇದ್ದರೂ ಈ ಮೂಸ್ ತಪ್ಪಿಸಿಕೊಳ್ಳುತ್ತಿತ್ತು.

ಸೂಕ್ಷ್ಮತೆಯ ಬೆಲೆಯ ಬಗ್ಗೆಯೂ ಒಂದು ಮಾತು. ಸಹಜ ಪ್ರೋಟೀನು ಯಾವ ಪ್ರಿಯಾನ್ ಇಲ್ಲದೆಯೂ ಬಹಳ ಹೊತ್ತು ಅಲುಗಿಸಿದರೆ ತಾನಾಗಿಯೇ ಮಡಿಕೆ ತಪ್ಪಬಹುದು. ಆದ್ದರಿಂದ ಎಷ್ಟು ಗಂಟೆಗೆ ನಿಲ್ಲಿಸಬೇಕು, ಒಂದೇ ಮಾದರಿಯನ್ನು ಹಾಕಿದ ನಾಲ್ಕು ಅಥವಾ ಎಂಟು ಕುಳಿಗಳಲ್ಲಿ ಎಷ್ಟು ಹೊಳೆದರೆ ‘ಇದೆ’ ಎನ್ನಬೇಕು ಎಂಬುದನ್ನು ಮೊದಲೇ ಗೊತ್ತುಪಡಿಸಿಕೊಳ್ಳುತ್ತಾರೆ. ಲೆಕ್ಕ ಹಾಕಿ ನೋಡಿ: 10,000 ಜಿಂಕೆಗಳಲ್ಲಿ 10ಕ್ಕೆ ಮಾತ್ರ ರೋಗವಿದೆ ಎಂದುಕೊಳ್ಳೋಣ. ಪರೀಕ್ಷೆ ರೋಗವಿಲ್ಲದವುಗಳ ಪೈಕಿ ನೂರಕ್ಕೆ ಒಂದನ್ನು ತಪ್ಪಾಗಿ ರೋಗಿ ಎಂದರೂ ಸುಮಾರು 100 ಆರೋಗ್ಯವಂತ ಜಿಂಕೆಗಳು ಪಟ್ಟಿಗೆ ಸೇರುತ್ತವೆ. ರೋಗ ಅಪರೂಪವಾಗಿರುವ ಕಡೆ ಒಂದು ಹಿಂಡನ್ನೇ ಇಲ್ಲವಾಗಿಸುವ ನಿರ್ಧಾರವನ್ನು ಇಂಥ ಪಟ್ಟಿಯ ಮೇಲೆ ಕೈಗೊಳ್ಳಲು ಯಾರೂ ಒಪ್ಪಲಾರರು. ಹಳೆಯ ಬಣ್ಣದ ವಿಧಾನವನ್ನು ದೃಢೀಕರಣಕ್ಕೆ ಇನ್ನೂ ಉಳಿಸಿಕೊಂಡಿರುವುದು ಸರ್ಕಾರಿ ಜಡತ್ವದಿಂದ ಮಾತ್ರವಲ್ಲ.

ಪ್ರಶ್ನೆ: ನಾಯಿಗಳು ಮೂಸಿ ಈ ರೋಗವನ್ನು ಹೇಳುತ್ತವೆ ಎಂದು ಓದಿದೆ. ನಿಜವೇ?
– ಓದುಗರು, ಮಂಗಳೂರು

ಉತ್ತರ: ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ತರಬೇತಿ ಪಡೆದ ನಾಯಿಗಳು ರೋಗವಿರುವ ಮತ್ತು ಇಲ್ಲದ ಜಿಂಕೆಗಳ ಹಿಕ್ಕೆಯನ್ನು ಬೇರ್ಪಡಿಸಿ ತೋರಿಸಿವೆ. ಪ್ರಯೋಗಾಲಯದೊಳಗಿನ ಸಾಧನೆ ಬಯಲಿನಲ್ಲಿ ಅಷ್ಟಾಗಿ ಉಳಿಯಲಿಲ್ಲ. ಎಲ್ಲಿ ಮಾದರಿ ತೆಗೆಯಬೇಕು ಎಂದು ತೋರಿಸಲು ನಾಯಿ ನೆರವಾದೀತು, ರೋಗನಿರ್ಣಯಕ್ಕೆ ಸಾಲದು.

ಪ್ರಶ್ನೆ: ನಾನು ಇಲ್ಲಿನ ಕಂಪನಿಯೊಂದರಲ್ಲಿ ಕೆಲಸದಲ್ಲಿದ್ದೇನೆ. ಪ್ರತಿ ಚಳಿಗಾಲ ಸಹೋದ್ಯೋಗಿಯೊಬ್ಬರು ತಾವು ಬೇಟೆಯಾಡಿದ ಜಿಂಕೆಯ ಮಾಂಸ ಕೊಡುತ್ತಾರೆ, ಜೊತೆಗೆ ಪರೀಕ್ಷೆಯಲ್ಲಿ ‘ಪತ್ತೆಯಾಗಿಲ್ಲ’ ಎಂದು ಬಂದಿರುವ ವರದಿಯನ್ನೂ ತೋರಿಸುತ್ತಾರೆ. ತಿನ್ನಬಹುದೇ?
– ಮ್ಯಾಡಿಸನ್, ವಿಸ್ಕಾನ್ಸಿನ್, ಅಮೆರಿಕ

ಉತ್ತರ: ನೀವಿರುವ ಡೇನ್ ಕೌಂಟಿಯ ಮೌಂಟ್ ಹೋರೆಬ್ ಬಳಿ ಬೇಟೆಯಾದ ಜಿಂಕೆಗಳಲ್ಲೇ ವಿಸ್ಕಾನ್ಸಿನ್‌ನ ಮೊದಲ ಪ್ರಕರಣಗಳು 2002ರಲ್ಲಿ ಹೊರಬಿದ್ದವು, ಇಂದಿಗೂ ಆ ಸುತ್ತಿನಲ್ಲಿ ರೋಗ ಹೆಚ್ಚು. ಈ ರೋಗ ಮನುಷ್ಯರಿಗೆ ತಗುಲಿದ್ದಕ್ಕೆ ಇದುವರೆಗೆ ದೃಢಪಟ್ಟ ಪ್ರಕರಣವಿಲ್ಲ. ಆದರೂ ಅಮೆರಿಕದ ರೋಗ ನಿಯಂತ್ರಣ ಕೇಂದ್ರ, ರೋಗ ಹರಡಿರುವ ಪ್ರದೇಶದ ಜಿಂಕೆಗಳನ್ನು ಪರೀಕ್ಷೆ ಮಾಡಿಸಬೇಕು, ರೋಗವಿದೆ ಎಂದು ಬಂದ ಪ್ರಾಣಿಯ ಮಾಂಸವನ್ನು ತಿನ್ನಬಾರದು ಎನ್ನುತ್ತದೆ. ಬ್ರಿಟನ್ನಿನಲ್ಲಿ 1986ರಲ್ಲಿ ಗುರುತಾದ, ದನಗಳ ಪ್ರಿಯಾನ್ ರೋಗವೇ ಆದ ಹುಚ್ಚು ಹಸು ರೋಗ ಮನುಷ್ಯರಿಗೆ ದಾಟಿದ್ದು 1996ರಲ್ಲಷ್ಟೇ ಬೆಳಕಿಗೆ ಬಂದಿತು ಎಂಬುದನ್ನು ನೆನೆದರೆ ಈ ಎಚ್ಚರಿಕೆ ಅತಿಯೆನಿಸುವುದಿಲ್ಲ. ಎಷ್ಟು ಬೇಯಿಸಿದರೂ ಪ್ರಿಯಾನ್ ನಾಶವಾಗದು.

ನಿಮ್ಮ ಸಹೋದ್ಯೋಗಿಯ ವರದಿಯಲ್ಲಿ ‘ರೋಗವಿಲ್ಲ’ ಎಂದಿಲ್ಲ, ‘ಪತ್ತೆಯಾಗಿಲ್ಲ’ ಎಂದಿದೆ. ಪ್ರಯೋಗಾಲಯಗಳು ಈ ವಾಕ್ಯವನ್ನು ಬೇಕೆಂದೇ ಹೀಗೆ ಬರೆಯುತ್ತವೆ. ಮೊನ್ನೆ ಮೊನ್ನೆ ಸೋಂಕು ತಗುಲಿದ ಜಿಂಕೆಯ ದುಗ್ಧಗ್ರಂಥಿಯೂ ಅದನ್ನೇ ಹೇಳುತ್ತದೆ. ಅಂಥ ವರದಿ ಇರುವ ಮಾಂಸವನ್ನು ಅಲ್ಲಿನ ಬಹಳ ಜನ ತಿನ್ನುತ್ತಾರೆ, ನಿಷೇಧವೇನೂ ಇಲ್ಲ. ನಿಮ್ಮ ಸ್ಥಾನದಲ್ಲಿದ್ದರೆ ನಾನು ವರದಿಯ ಸಂಖ್ಯೆ ಅದೇ ಪ್ರಾಣಿಯದೇ, ಹಲವು ಜಿಂಕೆಗಳ ಮಾಂಸವನ್ನು ಒಟ್ಟಿಗೆ ಅರೆದು ಹಂಚಿದ್ದಲ್ಲವಷ್ಟೇ ಎಂಬ ಎರಡು ವಿಷಯಗಳನ್ನು ಕೇಳಿಕೊಳ್ಳುತ್ತಿದ್ದೆ.

ಪ್ರಶ್ನೆ: ನಮ್ಮ ಬಂಡೀಪುರದ ಚುಕ್ಕೆ ಜಿಂಕೆಗಳಿಗೂ ಈ ರೋಗ ಬಂದಿದೆಯೇ? ಬಂದರೆ ನಮಗೆ ಗೊತ್ತಾಗುವುದು ಹೇಗೆ?
– ಚಾಮರಾಜನಗರ ಜಿಲ್ಲೆಯ ಓದುಗರು

ಉತ್ತರ: ರೋಗ ದೃಢಪಟ್ಟಿರುವುದು ಅಮೆರಿಕ, ಕೆನಡಾ, ದಕ್ಷಿಣ ಕೊರಿಯಾ, ನಾರ್ವೆ, ಫಿನ್‌ಲೆಂಡ್ ಮತ್ತು ಸ್ವೀಡನ್‌ಗಳಲ್ಲಿ; ಈ ಪಟ್ಟಿಯಲ್ಲಿ ಭಾರತವಿಲ್ಲ. ಕೊರಿಯಾಕ್ಕೆ ಅದು ಹೋದದ್ದು ಕೆನಡಾದಿಂದ ತರಿಸಿಕೊಂಡ ಎಲ್ಕ್‌ಗಳ ಮೂಲಕ, ಆದ್ದರಿಂದ ಹೊರದೇಶದ ಜಿಂಕೆಗಳನ್ನು ಮೃಗಾಲಯಕ್ಕೋ ಸಾಕಣೆಗೋ ತರುವಾಗಿನ ತಪಾಸಣೆಯೇ ನಮ್ಮ ಮೊದಲ ಬೇಲಿ. ಪ್ರಿಯಾನ್ ರೋಗಗಳು ನಮಗೆ ತೀರಾ ಹೊಸವೂ ಅಲ್ಲ: ಹಿಮಾಲಯದ ತಪ್ಪಲಿನ ಕುರಿಗಳಲ್ಲಿ ಸ್ಕ್ರೇಪಿ ಇರುವುದು 1961ರಲ್ಲಿ ವರದಿಯಾಗಿತ್ತು, ಮನುಷ್ಯರ ಕ್ರಾಯ್ಟ್ಸ್‌ಫೆಲ್ಟ್-ಯಾಕೋಬ್ ಪ್ರಕರಣಗಳನ್ನು ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ದಶಕಗಳಿಂದ ದಾಖಲಿಸಿದ್ದಾರೆ.

ಗೊತ್ತಾಗುವುದು ಹೇಗೆ ಎಂಬ ನಿಮ್ಮ ಎರಡನೆಯ ಪ್ರಶ್ನೆಯೇ ಹೆಚ್ಚು ಕಷ್ಟದ್ದು. ಅಮೆರಿಕದ ಕಣ್ಗಾವಲು ನಿಂತಿರುವುದು ಬೇಟೆಗಾರರು ಪ್ರತಿ ಋತುವಿನಲ್ಲಿ ತಂದೊಪ್ಪಿಸುವ ಜಿಂಕೆಗಳ ತಲೆಗಳ ಮೇಲೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆ ನಿಷಿದ್ಧವಾಗಿರುವ ನಮ್ಮಲ್ಲಿ ಆ ದಾರಿ ಇಲ್ಲ, ಇರಲೂ ಬಾರದು. ಉಳಿಯುವುದು ರಸ್ತೆಯಲ್ಲಿ ವಾಹನಕ್ಕೆ ಸಿಕ್ಕಿ ಸತ್ತವು, ಮೃಗಾಲಯದಲ್ಲಿ ಸತ್ತವು, ಕಾರಣವಿಲ್ಲದೆ ಬಡಕಲಾಗಿ ಸತ್ತು ಬಿದ್ದವು. ನರರೋಗವಿರುವ ಜಿಂಕೆ ವಾಹನಕ್ಕೆ ಬೇಗ ಸಿಗುವುದರಿಂದ ರಸ್ತೆಯ ಶವಗಳಿಗೆ ಅಮೆರಿಕದಲ್ಲೂ ವಿಶೇಷ ಬೆಲೆಯಿದೆ. ಮರಣೋತ್ತರ ಪರೀಕ್ಷೆ ಮಾಡುವ ಪಶುವೈದ್ಯರು ತಲೆಬುರುಡೆಯ ಹಿಂದಿನ ರಂಧ್ರದಿಂದ ಚಮಚದಂಥ ಉಪಕರಣವನ್ನು ಒಳಗೆ ಹಾಕಿ ಓಬೆಕ್ಸ್ ಇರುವ ಮಿದುಳಿನ ಕಾಂಡವನ್ನು ಹೊರತೆಗೆಯಬಹುದು, ಬುರುಡೆ ಒಡೆಯಬೇಕಾಗಿಲ್ಲ. ಗಂಟಲ ಹಿಂದಿನ ದುಗ್ಧಗ್ರಂಥಿಯನ್ನೂ ಸೇರಿಸಿ, ಅರ್ಧ ಭಾಗವನ್ನು ಬಣ್ಣದ ಪರೀಕ್ಷೆಗಾಗಿ ಫಾರ್ಮಲಿನ್‌ನಲ್ಲಿಯೂ ಉಳಿದರ್ಧವನ್ನು ಆರ್‌ಟಿ-ಕ್ವಿಕ್‌ಗಾಗಿ ಹೆಪ್ಪುಗಟ್ಟಿಸಿಯೂ ಇಡಬೇಕು. ಫಾರ್ಮಲಿನ್ ಪ್ರಿಯಾನ್‌ನ ಸೋಂಕುಶಕ್ತಿಯನ್ನು ಕೊಲ್ಲುವುದಿಲ್ಲವಾದ್ದರಿಂದ ಆ ಬಾಟಲಿಯನ್ನೂ ಕೈಗವಸಿಲ್ಲದೆ ಮುಟ್ಟಬಾರದು.